ಪದಚರ್ಚೆ: ಡಿಕ್ರಿಯಲ್ಲಿ ಬರುವ ‘ಟ್ಯಾಕ್ಸ್ಡ್ ಕಾಸ್ಟ್ಸ್’ಗೆ ಕನ್ನಡದಲ್ಲಿ ಏನು?

(ಮಾತಾಡುವವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ.)

ಪುಣೆ: ಇಲ್ಲಿನ ಸಿವಿಲ್ ಕೋರ್ಟಿನ ಡಿಕ್ರಿಯೊಂದು (ದಾವೆಯ ತೀರ್ಮಾನದ ಆದೇಶ) ಬೆಳಗಾವಿಯ ಕಕ್ಷಿದಾರರಿಗಾಗಿ ಕನ್ನಡಕ್ಕೆ ಬರಬೇಕು, ನಾಳೆ ಬೆಳಿಗ್ಗೆಯೇ ಬೇಕಂತೆ. ‘ಟ್ಯಾಕ್ಸ್ಡ್ ಕಾಸ್ಟ್ಸ್’ ಎಂಬುದಕ್ಕೆ ಕರಡಿನಲ್ಲಿ ‘ತೆರಿಗೆ ಸಹಿತ ಪರಿಹಾರ’ ಎಂದಿದೆ. ‘ದಾವೆ ವೆಚ್ಚ’ ಎಂದರೆ ಸಾಕೇ?

ಮಾಟುಂಗಾ: ತೆರಿಗೆಯೂ ಅಲ್ಲ, ಪರಿಹಾರವೂ ಅಲ್ಲ. ಹೊಡೆದುಹಾಕಿ. ದಾವೆಗೆ ತಗುಲಿದ್ದನ್ನು ಕೋರ್ಟು ಲೆಕ್ಕ ಹಾಕಿ ಎದುರು ಪಕ್ಷದಿಂದ ಕೊಡಿಸುವ ಮೊತ್ತ ಇದು. ‘ಲೆಕ್ಕ ಕಟ್ಟಿದ ದಾವಾ ಖರ್ಚು’ ಎನ್ನಿ. ಡಿಕ್ರಿಯ ಕೆಳಗಿನ ಪಟ್ಟಿ ನೋಡಿ: ದಾವಾಪತ್ರದ ಸ್ಟಾಂಪು, ವಕಾಲತ್ತಿನ (ವಕೀಲರ ನೇಮಕ ಪತ್ರದ) ಸ್ಟಾಂಪು, ದಾಖಲೆಗಳ ಸ್ಟಾಂಪು, ವಕೀಲರ ಫೀ, ಸಾಕ್ಷಿ ಬತ್ತೆ, ಕೋರ್ಟು ನೇಮಿಸಿದ ಕಮಿಷನರ್ ಫೀ, ಸಮನ್ಸ್ ಜಾರಿಯ ಫೀ. ವಾದಿಗೊಂದು ಕಾಲಂ, ಪ್ರತಿವಾದಿಗೊಂದು. ಇಲ್ಲಿ ವಕೀಲರ ಫೀ ಎಂದರೆ ಸಾಮಾನ್ಯವಾಗಿ ಕಕ್ಷಿದಾರ ಕೈಯಾರೆ ಎಣಿಸಿ ಕೊಟ್ಟದ್ದಲ್ಲ, ದಾವೆಯ ಮೌಲ್ಯದ ಮೇಲೆ ನಿಯಮದಂತೆ ಬರುವಷ್ಟೇ. ಗೆದ್ದವರೂ ಸಿಡಿಮಿಡಿಗೊಳ್ಳುವುದು ಈ ಸಾಲಿಗೆ. ‘ಪ್ರಮಾಣಾನುಸಾರ’ ಎಂದಿದ್ದರೆ ಆ ಪದ ಬಿಡಲೇಬೇಡಿ. 10 ಲಕ್ಷ ಕೇಳಿ 6 ಲಕ್ಷಕ್ಕೆ ಡಿಕ್ರಿಯಾದರೆ, 50,000 ಖರ್ಚಿನಲ್ಲಿ ಸಿಗುವುದು 30,000.

‘ಪರಿಹಾರ’ ಬೇರೆಯೇ. ಸುಳ್ಳು ಅಥವಾ ಕಿರುಕುಳದ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಡಿ ಕೊಡಿಸುವಂಥದ್ದು, 3,000 ರೂಪಾಯಿ ಮೀರುವಂತಿಲ್ಲ. ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆ ಮಿತಿ ತೆಗೆದಿದೆ.

ಮಡಗಾಂವ: ‘ವೆಚ್ಚ’ ಇರುವಾಗ ಪಾರಸಿ ‘ಖರ್ಚು’ ಏಕೆ? ಮರಾಠಿ ಕೋರ್ಟುಗಳ ಗಾಳಿ ಇದು. ಒಪ್ಪಲಾರೆ.

ಮಾಟುಂಗಾ: ‘ವೆಚ್ಚ’ವೂ ‘ವ್ಯಯ’ದ ತದ್ಭವ. ಎರವಲೆಂದು ತೆಗೆಯುವುದಾದರೆ ವಕೀಲ, ದಾವೆ, ಅರ್ಜಿ, ಜಾರಿ, ವಸೂಲಿ ಎಲ್ಲವೂ ಹೋಗಬೇಕು. ‘ಖರ್ಚುಸಹಿತ ವಜಾ’ ಎಂದರೆ ಬೆಳಗಾವಿಯಲ್ಲಿ ಯಾರಿಗೆ ತಿಳಿಯುವುದಿಲ್ಲ?

ಠಾಣೆ: ಎರವಲಿನ ಜಗಳ ಆಮೇಲಾಗಲಿ. ‘ದಂಡ’ ಎಂದು ಎಲ್ಲೂ ಬರೆಯಬೇಡಿ. ದಂಡ ಸರ್ಕಾರಕ್ಕೆ, ಖರ್ಚು ಎದುರು ಪಕ್ಷಕ್ಕೆ. ಮುದ್ದತ್ತು (ವಿಚಾರಣೆಯ ಮುಂದೂಡಿಕೆ) ಕೇಳಿ ಕಾಲ ತಳ್ಳಿದವರಿಗೆ ಅದೇ ಸಂಹಿತೆಯ 35ಬಿ ಅಡಿ ಹಾಕುವುದೂ ಖರ್ಚೇ. ಅದು ಆಗಲೇ ಪಾವತಿಯಾಗಿದ್ದರೆ ಡಿಕ್ರಿಯ ಖರ್ಚಿನಲ್ಲಿ ಮತ್ತೆ ಸೇರಿಸುವಂತಿಲ್ಲ. ಆದ್ದರಿಂದ ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ. ಪಟ್ಟಿಯ ಕೂಡಿಕೆ ತಪ್ಪಿದ್ದರೆ ಅನುವಾದದಲ್ಲಿ ತಿದ್ದುವ ಅಧಿಕಾರ ನಿಮಗಿಲ್ಲ, ಇದ್ದಂತೆ ಇಳಿಸಿ. 152ನೇ ಕಲಮಿನಡಿ ಅರ್ಜಿ ಹಾಕಿ ಅದೇ ಕೋರ್ಟಿನಿಂದ ತಿದ್ದಿಸಿಕೊಳ್ಳಬೇಕು. ವಾಕ್ಯ ಹೀಗಿರಲಿ: ‘ಪ್ರತಿವಾದಿಯು ವಾದಿಗೆ, ಕೆಳಗೆ ಲೆಕ್ಕ ಕಟ್ಟಿದಂತೆ, ದಾವಾ ಖರ್ಚನ್ನು ಕೊಡತಕ್ಕದ್ದು.’

ಮಡಗಾಂವ: ‘ಕೊಡತಕ್ಕದ್ದು’ ಸರಿ. ‘ಖರ್ಚು’ ಈಗಲೂ ಒಪ್ಪುವುದಿಲ್ಲ.