ಬೇಲಿ ದಾಸವಾಳಕ್ಕೆ ಬಿಳಿ ಹುಳ, ಏನು ಹೊಡೆಯಬೇಕು?

(ನಮ್ಮ ಕೈತೋಟದ ಗುಂಪಿನಲ್ಲಿ ಈ ವಾರ ಬೇಲಿ ಗಿಡಗಳ ಹುಳದ ಬಗ್ಗೆ ಪ್ರಶ್ನೋತ್ತರ. ಉತ್ತರ ಕೊಡುವವರು ನಿವೃತ್ತ ಕೀಟತಜ್ಞೆ ಮೇಡಂ.)

ಚಿಂತಾಮಣಿಯಿಂದ: ನಮಸ್ಕಾರ ಮೇಡಂ. ಕಾಂಪೌಂಡ್ ಉದ್ದಕ್ಕೂ ದಾಸವಾಳದ ಬೇಲಿ ಇದೆ. ಚಿಗುರೆಲ್ಲ ಮುದುಡಿಕೊಂಡು ಹತ್ತಿ ಅಂಟಿದ ಹಾಗೆ ಬೆಳ್ಳಗಾಗಿದೆ. ಏನು ಹೊಡೆಯಲಿ?

ಮೇಡಂ: ನಮಸ್ಕಾರ. ಅದು ಹಿಟ್ಟು ತಿಗಣೆ. ಮುದುಡಿದ ತುದಿ ಕತ್ತರಿಸಿ ಸೋಪು ನೀರಿನ ಬಕೆಟ್‌ಗೆ ಹಾಕಿ. ತಿಪ್ಪೆಗೆ ಎಸೆಯಬೇಡಿ, ಮತ್ತೆ ಗಿಡ ಹತ್ತುತ್ತವೆ. ಉಳಿದ ಗಿಡಕ್ಕೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಆಮೇಲೆ ಲೀಟರಿಗೆ 5 ಗ್ರಾಂ ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ, ಎಲೆ ಕೆಳಗೂ ತಾಗಬೇಕು. ಇರುವೆ ಸಾಲು ಇದ್ದರೆ ಗೂಡು ಹುಡುಕಿ. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ.

ಬಾಗೇಪಲ್ಲಿಯಿಂದ: ಕಣಗಿಲೆ ತುದಿಯಲ್ಲಿ ಹಳದಿ ಹುಳಗಳ ಗುಂಪು ಇದೆ ಮೇಡಂ.

ಮೇಡಂ: ಗಿಡದ ಹೇನು. ನೀರು ಹೊಡೆದರೆ ಸಾಕು. ಕಣಗಿಲೆ ಹಾಲು ವಿಷ, ಕೈ ತೊಳೆದುಕೊಳ್ಳಿ.

ಶಿಡ್ಲಘಟ್ಟದಿಂದ: ಮೇಡಂ, ನಮ್ಮ ದಾಸವಾಳದ ಬೇಲಿ ಆಚೆಗೇ ಅಣ್ಣನ ಹಿಪ್ಪುನೇರಳೆ ತೋಟ. ಬೇಲಿ ತುಂಬ ಬಿಳಿ ಹುಳ. ಕೆಲವು ದಪ್ಪನೆಯವು ಓಡಾಡ್ತಿವೆ. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಕೊಟ್ಟಿದ್ದಾರೆ, ನಾಳೆ ಬೆಳಗ್ಗೆ ಹೊಡೆಯೋಣ ಅಂತ. ಅಣ್ಣನ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದಿವೆ.

ಮೇಡಂ: ಹೊಡೆಯಬೇಡಿ. ಡಬ್ಬಿ ಪಕ್ಕಕ್ಕಿಟ್ಟು ಆಮೇಲೆ ಇದನ್ನು ಓದಿ.

ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮುಕ್ಕುವುದೇ ಈಗ. ಗಾಳಿಗೆ ಆ ಔಷಧಿ ಸೊಪ್ಪಿನ ಮೇಲೆ ಬಿದ್ದರೆ ಬೆಳೆ ಪೂರ್ತಿ ಹೋಗಬಹುದು. ದಾಸವಾಳ ಹೂ ಬಿಟ್ಟಿದ್ದರೆ ಜೇನಿಗೂ ಕೇಡು.

ಇನ್ನು ಆ ದಪ್ಪ ಹುಳಗಳ ವಿಷಯ. ಒಂದನ್ನು ಕಡ್ಡಿಯಿಂದ ಮುಟ್ಟಿ. ತಿಗಣೆಯಾದರೆ ಬಹಳ ನಿಧಾನ. ಹಿಟ್ಟು ಒರೆಸಿದರೆ ಒಳಗೆ ಗುಲಾಬಿ ಮೈ ಕಾಣುತ್ತದೆ. ಮೈತುಂಬ ಉದ್ದುದ್ದ ಮೇಣದ ಎಳೆ ಇದ್ದು ಚುರುಕಾಗಿ ಓಡಿದರೆ ಅದು ಕ್ರಿಪ್ಟೊಲೀಮಸ್ ದುಂಬಿಯ ಮರಿ. ತಿಗಣೆಯ ವೇಷದಲ್ಲೇ ಇದ್ದು ತಿಗಣೆಯನ್ನೇ ತಿನ್ನುತ್ತದೆ. ದೊಡ್ಡದಾದ ಮೇಲೆ ಬೆನ್ನು ಕಪ್ಪು, ತಲೆ ಇಟ್ಟಿಗೆ ಬಣ್ಣ. 1898ರಲ್ಲೇ ಕಾಫಿ ತೋಟಕ್ಕೆ ಅಂತ ಆಸ್ಟ್ರೇಲಿಯಾದಿಂದ ತಂದ ದುಂಬಿ ಇದು. ಹಿಪ್ಪುನೇರಳೆಯ ತುಕ್ರ ರೋಗಕ್ಕೆ ಎಕರೆಗೆ 250 ದುಂಬಿ ಬಿಡಿ ಅಂತ ಶಿಫಾರಸು ಇದೆ. ನಿಮಗೆ ಪುಕ್ಕಟೆ ಬಂದಿದ್ದರೆ ಕೊಲ್ಲುತ್ತೀರಾ?

ಅಣ್ಣನ ತೋಟದಲ್ಲಿ ಕುಡಿ ಸುರುಟಿ, ಎಲೆ ದಪ್ಪಗೆ ಕಡು ಹಸಿರಾಗಿದೆಯಾ ನೋಡಿ. ಅದೇ ತುಕ್ರ, ಇದೇ ತಿಗಣೆಯ ಕೆಲಸ. ಇದ್ದರೆ ಆ ಕುಡಿಗಳನ್ನೂ ಕತ್ತರಿಸಿ ಸುಡಬೇಕು. ಫೋಟೋ ಕಳಿಸಿ, ಹತ್ತಿರದಿಂದ.

ಮುಳಬಾಗಿಲಿನಿಂದ: ಫಾರ್ವರ್ಡ್ ಬಂದಿದ್ದು: ಹೊಗೆಸೊಪ್ಪಿನ ಕಷಾಯ, ಶಾಂಪೂ, ಒಂದು ಲೋಟ ಸೀಮೆಎಣ್ಣೆ. ಎಲ್ಲ ಹುಳಕ್ಕೂ ರಾಮಬಾಣ. ಎಲ್ಲರಿಗೂ ತಲುಪಿಸಿ 🙏

ಮೇಡಂ: ಈಗಷ್ಟೇ ರೇಷ್ಮೆ ಹುಳದ ವಿಷಯ ಬರೆದೆ. ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆ ಹುಳಕ್ಕೆ ವಿಷ. ಸೀಮೆಎಣ್ಣೆಗೆ ಎಲೆ ಸುಡುತ್ತದೆ. ದಯವಿಟ್ಟು ತಲುಪಿಸಬೇಡಿ.

ಮುಳಬಾಗಿಲಿನಿಂದ: ಸಾವಯವ ಅಲ್ವಾ ಮೇಡಂ?

ಮೇಡಂ: ಹಾವಿನ ವಿಷವೂ ಸಾವಯವವೇ.

ಗೌರಿಬಿದನೂರಿನಿಂದ: ಹಾಗಾದರೆ ಬೇವಿನೆಣ್ಣೆ ಹೊಡೆಯಬಹುದಲ್ವಾ? ಅದರಿಂದ ಏನೂ ಆಗಲ್ಲ.

ಮೇಡಂ: ಮನೆ ಬೇಲಿಗೆ ಸರಿ. ಸೊಪ್ಪಿನ ತೋಟದ ಪಕ್ಕ ಬೇಡ, ರೇಷ್ಮೆ ಹುಳಕ್ಕೆ ಬೇವೂ ಆಗುವುದಿಲ್ಲ.

ಮಾಲೂರಿನಿಂದ: ಕಾಮಿನಿ ಬೇಲಿಯ ಚಿಗುರು ಸೊಟ್ಟಗೆ ಬರ್ತಿದೆ. ನಿಂಬೆ ಗಿಡವೂ ಹತ್ತಿರದಲ್ಲೇ ಇದೆ. ಏನಾದರೂ ಸಂಬಂಧ ಇದೆಯಾ?

ಬಂಗಾರಪೇಟೆಯಿಂದ: ನಂದಿಬಟ್ಟಲಿಗೆ ಬೆರಳುದ್ದದ ಹಸಿರು ಹುಳ, ನೀಲಿ ಕಣ್ಣಿನ ಗುರುತು. ಮನೆಯಲ್ಲಿ ಹಳೇ ಡೈಕ್ಲೋರ್‌ವಾಸ್ ಇದೆ, ಅದನ್ನೇ ಹಾಕಲಾ?

ಗೌರಿಬಿದನೂರಿನಿಂದ: ಅಯ್ಯೋ ಪಾಪ, ಅದು ಚೆಂದದ ಪತಂಗ ಆಗುತ್ತೆ. ಬಿಡಿ.

ಬಂಗಾರಪೇಟೆಯಿಂದ: ಬೇಲಿ ಬೋಳಾಗ್ತಿದೆ. ನಿಮ್ಮ ಮನೆಗೆ ಕಳಿಸಲಾ?

ಗೌರಿಬಿದನೂರಿನಿಂದ: ಎಲೆ ಮತ್ತೆ ಬರುತ್ತೆ ಸರ್. ವಿಷ ಹಾಕೋರಿಗೆ ಗಿಡ ಯಾಕೆ ಬೇಕು?

ಬಂಗಾರಪೇಟೆಯಿಂದ: ಬುದ್ಧಿ ಹೇಳೋಕೆ ನೀವ್ಯಾರು? ನಾನು ಕೇಳಿದ್ದು ಮೇಡಂನ.

ಮೇಡಂ: ಡೈಕ್ಲೋರ್‌ವಾಸ್ 2020ರ ಡಿಸೆಂಬರ್ 31ರಿಂದ ನಿಷೇಧ. ಮುಚ್ಚಳ ತೆಗೆಯಬೇಡಿ. ಹುಳ ಕೈಯಲ್ಲಿ ಹಿಡಿದು ತೆಗೆಯಿರಿ, ಕಚ್ಚುವುದಿಲ್ಲ. ಜಗಳ ಗುಂಪಿನ ಹೊರಗೆ.

ಶ್ರೀನಿವಾಸಪುರದಿಂದ: ಮೇಡಂ, ದಾಸವಾಳಕ್ಕೆ ಬಿಳಿ ಹುಳ, ಏನು ಹೊಡೆಯಬೇಕು?

ಮೇಡಂ: ಮೇಲೆ ಓದಿ.

ಶ್ರೀನಿವಾಸಪುರದಿಂದ: ಅಷ್ಟೆಲ್ಲ ಓದೋಕೆ ಟೈಮ್ ಇಲ್ಲ, ಒಂದು ಹೆಸರು ಹೇಳಿ ಸಾಕು.

ಮೇಡಂ: ಸೋಪು.

ಶಿಡ್ಲಘಟ್ಟದಿಂದ: ಫೋಟೋ ಹಾಕಿದ್ದೀನಿ ಮೇಡಂ. ಮುಟ್ಟಿದರೆ ಓಡ್ತಿವೆ.

ಮೇಡಂ: ದುಂಬಿ ಮರಿಗಳೇ. ಸೋಪೂ ಬೇಡ, ನೀರೂ ಬೇಡ, ಸುಮ್ನೆ ಬಿಡಿ. ಔಷಧಿ ಅಂಗಡಿಗೆ ವಾಪಸ್ ಕೊಡಿ. ತೋಟದ ಕುಡಿ ಏನಾಯಿತು ಅಂತ ಅಣ್ಣನನ್ನು ಕೇಳಿ ಹೇಳಿ.

ಮುಳಬಾಗಿಲಿನಿಂದ: ಶಾಂಪೂ ಮಾತ್ರ ಆಗುತ್ತಾ ಮೇಡಂ?