ಫೋನ್ ಹಿಡಿದ ಅಕ್ಕೋರ ವಿಡಿಯೊ

ಗುಂಪು: ನಮ್ಮ ಮನೆಯವರು, ಸುರಪುರ

ಮಲ್ಲು ಕಾಕಾ: (ಫಾರ್ವರ್ಡ್ ಆದ ವಿಡಿಯೊ) ಯಾದಗಿರಿ ಜಿಲ್ಲೆಯದೇ ಅಂತೆ. ಮಕ್ಕಳು ಸುಮ್ನೆ ಕೂತಿವೆ, ಅಂಗನವಾಡಿ ಅಕ್ಕೋರು ಮೊಬೈಲ್ ಒತ್ತುತ್ತಿದ್ದಾರೆ. ಇದಕ್ಕಾ ಇವರಿಗೆ ಸಂಬಳ? ಎಲ್ಲರೂ ಶೇರ್ ಮಾಡಿ.

ಬಸು, ಬೆಂಗಳೂರು: ನಾಚಿಕೆಗೇಡು. ಅಂಗನವಾಡಿ ಮುಚ್ಚಿ ಎಲ್ಲರನ್ನೂ ಶಾಲೆಯ ಎಲ್‌ಕೆಜಿಗೆ ಹಾಕುವುದೇ ಮೇಲು.

ಸಾವಿತ್ರಿ ಅತ್ತಿ: ಯಾರೂ ಶೇರ್ ಮಾಡಬೇಡಿ. ಮಲ್ಲೂ, ಇನ್ನೊಂದು ಸಲ ನೋಡು. ಹಿಂದೆ ಒಲೆ ಉರಿಯುತ್ತಿದೆ, ಕುಕ್ಕರ್ ಇಟ್ಟಿದ್ದಾರೆ. ಆ ಕೋಣೆಯಲ್ಲಿ ದೊಡ್ಡವರು ಅಂತ ಇರುವುದು ಅವಳೊಬ್ಬಳೇ. ಸಹಾಯಕಿ ಎಲ್ಲಿ?

ಮಲ್ಲು ಕಾಕಾ: ರಜೆ ಇರಬಹುದು ಅಕ್ಕ. ಅದಕ್ಕೂ ಮೊಬೈಲ್‌ಗೂ ಏನು ಸಂಬಂಧ?

ಸಾವಿತ್ರಿ ಅತ್ತಿ: ಸಂಬಂಧ ಇದೆ. ನಾನು ಮೇಲ್ವಿಚಾರಕಿಯಾಗಿ ಇದನ್ನೇ ನೋಡಿ ನಿವೃತ್ತಿಯಾದವಳು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಹಾಜರಿ, ಊಟ, ತೂಕ, ಎತ್ತರ ಎಲ್ಲ ಅದರಲ್ಲಿ ಹಾಕಬೇಕು. ಹಾಕದಿದ್ದರೆ ಮೇಲಿನಿಂದ ಫೋನ್ ಬರುತ್ತದೆ. ಮಗುವಿಗೆ ಇವತ್ತು ಹಾಡು ಹೇಳಿಕೊಟ್ಟೆಯಾ ಅಂತ ಯಾರೂ ಕೇಳುವುದಿಲ್ಲ. ಒಬ್ಬಳೇ ಇದ್ದಾಗ ಅವಳು ಮೊದಲು ಯಾವುದನ್ನು ಮಾಡುತ್ತಾಳೆ?

ಬಸು: ಹಾಗಂತ ಮಕ್ಕಳನ್ನು ಬಿಟ್ಟುಬಿಡಬಹುದಾ ಅತ್ತಿ?

ಸಾವಿತ್ರಿ ಅತ್ತಿ: ಬಿಡಬಾರದು. ಅದಕ್ಕೇ ಹೇಳುತ್ತಿದ್ದೇನೆ, ಕೇಳಪ್ಪ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡುಗೆ, ಬಟ್ಟೆಯಲ್ಲೇ ಮಾಡಿಕೊಂಡ ಕೂಸನ್ನು ತೊಳೆಯುವುದು ಎಲ್ಲ ಸಹಾಯಕಿಯದು. ಆ ಹುದ್ದೆ ಖಾಲಿಯಾದರೆ ಅಷ್ಟೂ ಕೆಲಸ ಅಕ್ಕೋರ ತಲೆಗೆ. ಅಕ್ಕೋರ ಹುದ್ದೆಯೇ ಖಾಲಿಯಾದರೆ ಪಕ್ಕದ ಕೇಂದ್ರದವಳಿಗೆ ಚಾರ್ಜ್ ಕೊಡುತ್ತಾರೆ. ಒಂದೇ ಜೀವ, ಎರಡು ಕೇಂದ್ರ. ಮೇಲೆ ಮತದಾರರ ಪಟ್ಟಿಯ ಕೆಲಸ, ಸರ್ವೆ.

ಇಷ್ಟಾದರೂ ಬಾಗಿಲು ತೆರೆದಿರುತ್ತದೆ, ಊಟ ಬಡಿಸುತ್ತಾರೆ. ಹೊರಗಿನಿಂದ ಎಲ್ಲ ಸರಿ ಇದೆ ಅನಿಸುತ್ತದೆ. ಆದರೆ ನಿಧಾನಕ್ಕೆ ಉಣ್ಣುವ ಮಗುವಿನ ಪಕ್ಕ ಕೂತು ತಿನ್ನಿಸಲು ಯಾರಿಗೂ ಪುರುಸೊತ್ತಿಲ್ಲ. ಅದು ಎರಡು ತುತ್ತು ತಿಂದು ತಟ್ಟೆ ಬಿಡುತ್ತದೆ. ತೂಕದ ದಿನ ಗಡಿಬಿಡಿಯಲ್ಲಿ ಹೋದ ತಿಂಗಳ ಅಂಕಿಯನ್ನೇ ಸ್ವಲ್ಪ ಹೆಚ್ಚಿಸಿ ಬರೆದರೆ ಆ ಮಗು ಕಣ್ಣಿಗೇ ಬೀಳುವುದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಟೇಪು ಪ್ರತಿ ಕೇಂದ್ರದಲ್ಲೂ ಇರಬಹುದು, ಸುತ್ತಿ ನೋಡುವ ಕೈ ಬೇಕಲ್ಲ!

ಮಲ್ಲು ಕಾಕಾ: ಸರಿ ಅಕ್ಕ. ಆದರೆ ಸರ್ಕಾರ ದುಡ್ಡು ಕೊಡುತ್ತದಲ್ಲ?

ಸಾವಿತ್ರಿ ಅತ್ತಿ: ಅದು ಸಂಬಳ ಅಲ್ಲ, ಗೌರವಧನ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ತನ್ನ ಲೆಕ್ಕದ ಮೊತ್ತವನ್ನು ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಮಾಡಿತು. ಅದರ ಮೇಲೆ ರಾಜ್ಯ ಸೇರಿಸುತ್ತದೆ. ಅದೇ ಊರಿನ ಹೆಣ್ಣುಮಗಳೇ ಬೇಕು, ಓದಿರಬೇಕು, ದಿನವಿಡೀ ದುಡಿಯಬೇಕು.

ಬಸು: ಅದಕ್ಕೇ ಎಲ್‌ಕೆಜಿ ಅಂದದ್ದು.

ಸಾವಿತ್ರಿ ಅತ್ತಿ: 2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಅಂದಾಗ ಅಂಗನವಾಡಿಯವರು ಬೀದಿಗಿಳಿದಿದ್ದರು, ನೆನಪಿದೆಯಾ? ಎಲ್‌ಕೆಜಿಗೆ ನಾಲ್ಕು ವರ್ಷದ ಮಗು ಹೋಗುತ್ತದೆ. ಎರಡು ವರ್ಷದ್ದು? ತೊಗರಿ ರಾಶಿಯ ಕಾಲಕ್ಕೆ ತಾಯಿ ಹೊಲಕ್ಕೆ ಹೋದರೆ ಕೂಸನ್ನು ನೋಡುವವರು ಯಾರು? ಆರು ವರ್ಷದ ಅಕ್ಕನಾ? ಅವಳ ಶಾಲೆಯೂ ತಪ್ಪಿತು.

ರೂಪಾ: ಅತ್ತಿ ಹೇಳುವುದು ಸರಿ. ಬಸು, ನಮ್ಮ ಚಿನ್ನಿಯ ಡೇಕೇರ್ ಮರೆತುಬಿಟ್ಟಿರಾ? ಇಷ್ಟು ಫೀಸು ಕೊಟ್ಟರೂ ನೋಡಿಕೊಳ್ಳುವವರು ಪದೇಪದೇ ಬದಲಾಗುತ್ತಾರೆ. ಹೊಸಬರ ಹತ್ತಿರ ಹೋಗಲ್ಲ ಅಂತ ಬಾಗಿಲಲ್ಲೇ ಅಳುತ್ತಾಳೆ. ಬಿಟ್ಟು ಹೋದವರಿಗೆ ಗೊತ್ತಿತ್ತು, ಅವಳಿಗೆ ನಿದ್ದೆ ಬಂದಾಗ ಕಿವಿ ಹಿಡಿದುಕೊಳ್ಳುತ್ತಾಳೆ ಅಂತ. ಹೊಸಬರಿಗೆ ಅದು ಹಟ ಅನಿಸುತ್ತದೆ.

ಬಸು: ಹೌದು. ಅದು ನಿಜ.

ಸಾವಿತ್ರಿ ಅತ್ತಿ: ಇಲ್ಲಿಯ ಮಗುವಿಗೂ ಅಷ್ಟೇ ರೂಪಾ. ತನ್ನನ್ನು ಬಲ್ಲವರು ಒಬ್ಬರು ದಿನಾ ಇರಬೇಕು. ಮೂರು ವರ್ಷದೊಳಗೆ ಮಾತು ಕಲಿಯುವುದೇ ದೊಡ್ಡವರು ಮಾತಾಡಿಸಿದರೆ. ಆ ವಿಡಿಯೊದ ಮಕ್ಕಳು ಅಷ್ಟು ಸುಮ್ಮನೆ ಕೂತದ್ದು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ವಯಸ್ಸಿನವು ಹಾಗೆ ಕೂರುವುದಿಲ್ಲ.

ಮಲ್ಲು ಕಾಕಾ: ಗುಂಪಿನಿಂದ ವಿಡಿಯೊ ಅಳಿಸಿದೆ. ಆದರೂ ಮಕ್ಕಳ ಮುಂದೆ ಮೊಬೈಲ್ ಹಿಡಿಯುವುದು ಸರಿ ಅಂತ ಒಪ್ಪಲಾರೆ.

ಸಾವಿತ್ರಿ ಅತ್ತಿ: ಒಪ್ಪಬೇಡ. ಎಂಟ್ರಿಗೆ ಬೇರೆ ಸಮಯ ಕೊಡಿ ಅಂತಲೇ ನಾನೂ ಹೇಳುವುದು. ಈಗ ನಮ್ಮೂರಿನ ಕೇಂದ್ರದಲ್ಲಿ ಸಹಾಯಕಿ ಇದ್ದಾಳಾ, ಹೋಗಿ ನೋಡು. ಇಲ್ಲ ಅಂದರೆ ಅಂಗನವಾಡಿಯ ಬಾಲವಿಕಾಸ ಸಮಿತಿಯವರ ಸಹಿ ಹಾಕಿಸಿ ಸಿಡಿಪಿಒಗೆ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅರ್ಜಿ ಕೊಡು. ಹುದ್ದೆ ಯಾವಾಗಿನಿಂದ ಖಾಲಿ, ದಾಖಲಾದ ಮಕ್ಕಳೆಷ್ಟು ಅಂತ ಬರೆಯಬೇಕು. ಅಕ್ಕೋರ ಮೇಲೆ ದೂರು ಬೇಡ.

ಮಲ್ಲು ಕಾಕಾ: ಸಹಾಯಕಿ ಇಲ್ಲ ಅಕ್ಕ, ನಿವೃತ್ತಿಯಾಗಿ ಹೋದರು. ಸೋಮವಾರ ತಾಲ್ಲೂಕಿಗೆ ಹೋಗುವವನಿದ್ದೇನೆ. ಅರ್ಜಿ ಬರೆದು ಕಳಿಸು.

ರೂಪಾ: ನೀವು ಹೇಳಿ ಅತ್ತಿ, ನಾನು ಟೈಪ್ ಮಾಡುತ್ತೇನೆ.