ಸಹಾಯ ಬೇಕು: ಧಾರವಾಡ ರೇಡಿಯೋ ನಾಟಕದ ಹಳೇ ಕಲಾವಿದರ ಬಗ್ಗೆ

ಎಲ್ರಿಗೂ ನಮಸ್ಕಾರ, ಶಿರಸಿಯಿಂದ. ನಮ್ಮಜ್ಜನ ತಮ್ಮ ಒಬ್ರು ನಾಟಕ ಕಂಪನಿ ಸೇರಿ ಆಮೇಲೆ ಧಾರವಾಡ ಆಕಾಶವಾಣೀಲಿ ನಾಟಕಕ್ಕೆ ಧ್ವನಿ ಕೊಡ್ತಿದ್ರು, ಆ ಸ್ಟೇಷನ್ ಶುರುವಾಗಿದ್ದೇ 1950ರಲ್ಲಿ, ನಮ್ ಜಿಲ್ಲೆ ಇನ್ನೂ ಮುಂಬೈ ಪ್ರಾಂತ್ಯದ ಲೆಕ್ಕದಲ್ಲೇ ಇತ್ತಲ್ಲ ಆಗ, ಅದಾದ್ಮೇಲೆ ಮದ್ರಾಸಿಗೆ ಹೋಗಿ ಸಿನಿಮಾದಲ್ಲಿ ಮಂತ್ರಿ, ಪುರೋಹಿತ ಅಂತ ಸಣ್ಣಪುಟ್ಟ ಪಾರ್ಟು. ಅಂಥವ್ರ ಹೆಸ್ರು ಟೈಟಲ್ಲಲ್ಲಿ ಎಲ್ಲಿ ಹಾಕ್ತಿದ್ರು ಮಾರಾಯ್ರೆ! ಆಗಿನ ರೇಡಿಯೋ ನಾಟಕ ಹೆಚ್ಚಿನವು ಲೈವ್, ಟೇಪ್ ಸಿಗೋದು ಕಷ್ಟನೇ. ಆದ್ರೆ ಕಾಂಟ್ರ್ಯಾಕ್ಟ್ ಪತ್ರ, ಸ್ಕ್ರಿಪ್ಟು, ಗ್ರೂಪ್ ಫೋಟೋ ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ಮೊಬೈಲಲ್ಲಿ ಫೋಟೋ ಹೊಡ್ದು ಹಾಕಿ. ಸಿದ್ದಾಪುರ, ಕುಮಟಾ, ಹೊನ್ನಾವರ ಕಡೆಯಿಂದ ಆಕಾಶವಾಣಿಗೆ ಹೋಗ್ತಿದ್ದ ತಾಳಮದ್ದಳೆ ಕಲಾವಿದರ ಮನೆಯವ್ರು ಇದ್ರೆ ಇನ್‌ಬಾಕ್ಸಿಗೆ ಬನ್ನಿ, ನಮ್ಮಜ್ಜನ ತಮ್ಮನ ಹೆಸ್ರು ಅಲ್ಲೇ ಹೇಳ್ತೆ.